ಅಕ್ಕನ ಹೆಸರಿನ ಸಾಲು

ನವನಗರ, ಬಾಗಲಕೋಟೆ

ಅಪ್ಪನಿಗೆ ಸುರೇಖಾಳ ನಮಸ್ಕಾರ.

ಹೇಳದೆ ಬಂದೆನೆಂದು ಅವ್ವನ ಮೇಲೆ ಸಿಟ್ಟಾಗಬೇಡ. ನಾನು ಎದ್ದು ಬಂದದ್ದು ನಿನ್ನ ಹೂಡಿಕೆಯ ವಹಿ ನೋಡಿ.

ಹತ್ತು ವರ್ಷದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಕೊಡೆಂದು ನೀನೇ ಅದನ್ನು ನನ್ನ ಕೈಗೆ ಕೊಟ್ಟೆ. ಕುರಿ, ಬಂಗಾರ, ಬಾದಾಮಿಯ ಪ್ಲಾಟು, ಮ್ಯೂಚುವಲ್ ಫಂಡು, ಎಲ್ಲದರ ಮುಂದೆಯೂ ವರ್ಷವರ್ಷದ ಬೆಲೆ ಇತ್ತು. ಅವುಗಳ ಕೆಳಗೆ ನಾನಿದ್ದೆ: ನರ್ಸಿಂಗ್ ಓದಿಗೆ ಹಾಕಿದ್ದು ಮೂರು ಲಕ್ಷ, ತಿಂಗಳಿಗೆ ಬರುತ್ತಿರುವುದು ಎಂಟು ಸಾವಿರ. ಕೇಳಿದರೆ ನೀನು ನಕ್ಕು, "ಹಾಕಿದ್ದು ತಿರುಗಿ ಬರಬೇಕಲ್ಲೇನ್? ಅದರಾಗ ತಪ್ಪೇನೈತಿ?" ಅಂದೆ. ಅದನ್ನೂ ನುಂಗಿಕೊಂಡು ಟೈಪು ಮಾಡುತ್ತಿದ್ದೆ.

ಪುಟ ತಿರುಗಿಸಿದರೆ ದಾನಮ್ಮಕ್ಕನ ಹೆಸರು. ಅವಳು ಹೆರಿಗೆಯಲ್ಲಿ ತೀರಿಕೊಂಡ ವರ್ಷದ ಮುಂದೆ ನೀನು ಬರೆದಿದ್ದೀಯ: "ನಷ್ಟ. ನಾಲ್ಕು ತೊಲಿ ಬಂಗಾರ ವಾಪಸ್ ಬಂದಿಲ್ಲ." ಅಲ್ಲಿಗೇ ಟೈಪು ನಿಲ್ಲಿಸಿ ವಹಿ ಮುಚ್ಚಿಟ್ಟೆ.

ಇನ್ನು ಆ ಎಂಟು ಸಾವಿರ ಅವ್ವನ ಖಾತೆಗೆ ಹೋಗುತ್ತದೆ. ನನ್ನನ್ನೂ ನಷ್ಟಕ್ಕೆ ಬರೆದುಕೋ, ಬೇಸರವಿಲ್ಲ. ಅಕ್ಕನ ಸಾಲನ್ನು ಮಾತ್ರ ಇವತ್ತೇ ಹೊಡೆದುಹಾಕು. ಅವ್ವ ಈಗೀಗ ಅಕ್ಷರ ಕೂಡಿಸಿ ಓದುತ್ತಿದ್ದಾಳೆ.

ಸುರೇಖಾ