ಯಂತ್ರ ನಿಂತರೆ ಪುಸ್ತಕ ಗೆದ್ದಂತೆ

ಮಾರ್ಚ್ ೪, ಸೋಮವಾರ

ಚಹಾ ಆದ ಮೇಲೆ ಎಂದಿನಂತೆ ಓದು. ಹೊಳೆಯ ಕಾದಂಬರಿ, ನೆರೆ ಬರುವ ಅಧ್ಯಾಯ. ಮಗು ಆಚೆ ದಡದಲ್ಲಿ, ತಾಯಿ ಈಚೆ. ಅಂಬಿಗ ದೋಣಿ ಬಿಚ್ಚಲಾರೆ ಎನ್ನುತ್ತಿದ್ದಾನೆ... ಅಷ್ಟರಲ್ಲಿ ಕಾರ್ಖಾನೆಯ ಯಜಮಾನ ಬಂದ. ಹಿಂದೆ ಒಬ್ಬಳು ಹುಡುಗಿ. ಯಾವುದೋ ಪ್ರಕಾಶನದ ಮಾರ್ಕೆಟಿಂಗ್ ಅಂತೆ. ಹಳದಿ ರಕ್ಷಾಪುಟದ ಪುಸ್ತಕ ತಂದಿದ್ದಳು. ಹೊಲಿಯುವವರಿಗೆಲ್ಲ ಒಂದೊಂದು ಹಳದಿ ಚೀಲ.

“ತಾತ, ಈಗ ಎಲ್ರೂ ಇದನ್ನೇ ಓದ್ತಿದ್ದಾರೆ.”

“ಎಲ್ರೂ ಓದ್ತಿದ್ರೆ ನಮಗ್ಯಾಕಮ್ಮ ಪುಕ್ಕಟೆ ಕೊಡ್ತೀಯ?”

ನಕ್ಕಳು. ಇದನ್ನು ಓದಿಸಿದರೆ ಯಜಮಾನನಿಗೆ ಹೊಸ ಸ್ಪೀಕರ್ ಕೊಡುತ್ತಾರಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿ ಇರುವುದೆಲ್ಲ ಚಿನ್ನವೂ ಅಲ್ಲ.

ಕೈ ನಡುಗಿ ಕತ್ತರಿ ಬಿಟ್ಟ ಮೇಲೆ ಈ ಹೊಲಿಗೆ ಕಾರ್ಖಾನೆಯಲ್ಲಿ ನನಗೆ ಉಳಿದಿರುವುದು ಇದೊಂದೇ ಕೆಲಸ. ಅವರು ಹೊಲಿಯುವಾಗ ಗಟ್ಟಿಯಾಗಿ ಓದುವುದು. ಶಾಲೆಗೆ ಹೋದವನಲ್ಲ. ಅಂಗಡಿ ಬೋರ್ಡು ನೋಡಿ ನೋಡಿ ಕಲಿತ ಅಕ್ಷರ. ಈ ಕೆಲಸವನ್ನೂ ಕಿತ್ತುಕೊಳ್ಳುತ್ತಾರೋ ಏನೋ.

ಮಾರ್ಚ್ ೫, ಮಂಗಳವಾರ

“ಪದ್ಧತಿ ಪ್ರಕಾರವೇ ಆಗಲಿ” ಎಂದೆ. ನಮ್ಮಲ್ಲಿ ಪುಸ್ತಕಕ್ಕೆ ಕೈಯೆತ್ತಿ ವೋಟು ಹಾಕುವುದಿಲ್ಲ. ಮೊದಲ ಪುಟ ಓದುತ್ತೇನೆ. ಕಾಲು ತಾನಾಗಿ ಪೆಡಲಿನ ಮೇಲೆ ಸಡಿಲವಾಗಿ ಯಂತ್ರ ನಿಂತರೆ ಪುಸ್ತಕ ಗೆದ್ದಂತೆ. ಯಂತ್ರ ಓಡುತ್ತಲೇ ಇದ್ದರೆ ಪುಸ್ತಕ ಬಂದ ದಾರಿ ಹಿಡಿದಂತೆ. ಕಾಲಿಗೆ ಮುಲಾಜಿಲ್ಲ.

ಹಳದಿಯ ಮೊದಲ ಪುಟ ಓದಿದೆ. ಎರಡನೇ ವಾಕ್ಯಕ್ಕೇ ಯಂತ್ರಗಳು ನಿಂತವು!

ಹೊಳೆ ಅರ್ಧಕ್ಕೇ ನಿಂತಿತು.

ನನಗೆ ಅನುಮಾನ. ಇಷ್ಟು ಬೇಗ ಯಾವ ಪುಸ್ತಕಕ್ಕೂ ನಿಂತದ್ದಿಲ್ಲ. ಮೊದಲು ನಿಂತದ್ದು ಕಿಟಕಿ ಪಕ್ಕದ ಯಂತ್ರ, ತಂಗಿಯ ಮಗಳದು. “ಏನೇ, ಮೊದಲೇ ಮಾತಾಡಿಕೊಂಡಿದ್ರಾ?” ಎಂದೆ. “ಅಯ್ಯೋ ಮಾವ!” ಎನ್ನುತ್ತಾ ಹಳದಿ ಚೀಲವನ್ನು ಕಾಲಿನಿಂದ ಒಳಗೆ ಸರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ.

ತಂಗಿಗೆ ವಾರದ ಪತ್ರ ಬರೆಯಲು ಕೂತೆ. ಇದನ್ನು ಹೇಗೆ ಬರೆಯಲಿ? ಅವಳ ಮಗಳ ಮೇಲೇ ಚಾಡಿ ಹೇಳಿದಂತಾಗುತ್ತದೆ. ಇಲ್ಲೇ ಇರಲಿ.

ಮಾರ್ಚ್ ೭, ಗುರುವಾರ

ಓದು ಮುಗಿದ ಮೇಲೆ ಗುಂಡಿ ಅಕ್ಕ ತಡೆದಳು. ಕಾಜ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ನನಗಿಂತ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ.

“ಬರೋ ವಾರದ ಶನಿವಾರಕ್ಕೆ ನನ್ನ ಕೆಲಸ ಮುಗೀತು. ತಮ್ಮನ ಊರಿಗೆ ಹೋಗ್ತೀನಿ. ಅಲ್ಲಿ ಓದಿ ಹೇಳೋರು ಯಾರಿದ್ದಾರೆ? ನನಗೆ ಅಕ್ಷರ ಬರಲ್ಲ. ಆ ತಾಯಿ ದಾಟಿದಳಾ ಇಲ್ವಾ, ಅದನ್ನ ಕೇಳದೆ ಹೋಗ್ಲಾ?”

“ನಾನೇನು ಮಾಡ್ಲಿ? ಯಂತ್ರ ನಿಂತವಲ್ಲ.”

“ನಿಲ್ಲದೆ ಏನು? ಆ ಮೊದಲನೇ ಪುಟ ಎಲ್ಲರ ಫೋನಲ್ಲೂ ದಿನಾ ಜಾಹೀರಾತಾಗಿ ಬಡ್ಕೊಳ್ಳುತ್ತೆ. ಗೊತ್ತಿರೋ ಮುಖ ಬೀದೀಲಿ ಕಂಡ್ರೆ ಕಾಲು ನಿಲ್ಲಲ್ವಾ? ಹಂಗೆ.”

ಹೌದಲ್ಲ! ಖುಷಿಯಾಗಿ ತಲೆಯಾಡಿಸಿದೆ.

“ಸಾಕು, ಬೀಗಬೇಡ. ನೀನೇನು ಕಮ್ಮಿ? ಹೊಳೆ ಓದುವಾಗ ಜೇನು ಸುರೀತೀಯ. ಹಳದೀನ ಕಷಾಯ ಕುಡಿದವನ ಹಾಗೆ ಓದ್ತೀಯ. ಅವಳು ಚೀಲ ಕೊಟ್ಟಳು, ನೀನು ಗಂಟಲು ಕೊಟ್ಟೆ. ಇಬ್ಬರದೂ ಒಂದೇ ವ್ಯಾಪಾರ.”



ಮಾರ್ಚ್ ೧೨, ಮಂಗಳವಾರ

ಗಂಟಲು ಕೆಟ್ಟಿದೆ ಎಂದು ನೆಪ ಹೇಳಿ ಇಷ್ಟು ದಿನ ಓದಲಿಲ್ಲ. ನಿಜವಾಗಿ ಕೆಟ್ಟದ್ದು ಮನಸ್ಸು.

ಇವತ್ತು ಇನ್ನೊಂದು ಪರೀಕ್ಷೆ. ಮೊದಲ ಪುಟ ಬೇಡ, ನಡುವಿನ ಪುಟ. ನನ್ನ ದನಿ ಬೇಡ, ತಂಗಿಯ ಮಗಳು ಓದಲಿ. ಬಣ್ಣವೂ ಕಣ್ಣಿಗೆ ಬೀಳಬಾರದು ಎಂದು ಎರಡೂ ಪುಸ್ತಕಕ್ಕೆ ನಾನೇ ಬೂದು ಲೈನಿಂಗ್ ಬಟ್ಟೆಯ ಹೊದಿಕೆ ಹೊಲಿದೆ. ನಡುಗುವ ಕೈಯಲ್ಲೂ ಹೊಲಿಗೆ ನೆಟ್ಟಗೆ ಬಂತು. ಬುದ್ಧಿವಂತ ನಾನು!

ತಂಗಿಯ ಮಗಳು ಓದುವ ಮುಂಚೆ ತನ್ನ ಫೋನನ್ನು ನೂಲಿನ ಉಂಡೆಗಳ ನಡುವೆ ನಿಲ್ಲಿಸಿದಳು. “ಅಕ್ಕನ ನೆನಪಿಗೆ ವಿಡಿಯೋ, ಮಾವ.” ಇರಲಿ ಎಂದೆ.

ಮೊದಲು ಹಳದಿ. ಒಂದೆರಡು ಯಂತ್ರ ನಿಧಾನವಾದವು, ಮತ್ತೆ ಓಡಿದವು. ಅನ್ಯಾಯ ಹೇಳಬಾರದು, ತೀರ ಕೆಟ್ಟ ಪುಟವೇನಲ್ಲ. ಆಮೇಲೆ ಹೊಳೆ. “ದೋಣಿ ನಿನ್ನದು, ಮಗು ನನ್ನದು” ಎಂದು ತಾಯಿ ಹಗ್ಗಕ್ಕೆ ಕೈ ಹಾಕುತ್ತಾಳೆ... ಒಂದು ಯಂತ್ರ ನಿಂತಿತು. ಇನ್ನೊಂದು. ಸಾಲಿಗೆ ಸಾಲೇ ನಿಂತಿತು. ಅಕ್ಕನ ಬೆರಳಲ್ಲಿ ಗುಂಡಿ ಹಾಗೇ ಉಳಿಯಿತು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

ಆ ಮೌನಕ್ಕೆ ಗಾಬರಿಯಾಗಿ ಯಜಮಾನ ಓಡಿ ಬಂದ. “ಕರೆಂಟ್ ಹೋಯ್ತಾ?”

“ಇಲ್ಲ ಯಜಮಾನ್ರೇ, ಈಗ ಬಂತು,” ಎಂದಳು ಅಕ್ಕ.

ಮಾರ್ಚ್ ೧೪, ಗುರುವಾರ

ವಿಡಿಯೋ ಎಲ್ಲರ ಫೋನಲ್ಲೂ ಬಂದಿದೆ. ನಮ್ಮದೇ ಹೊಲಿಗೆ ಕೋಣೆ. ನಮ್ಮದೇ ಯಂತ್ರಗಳು ಒಂದೊಂದಾಗಿ ನಿಲ್ಲುತ್ತವೆ. ಅಕ್ಕನ ಒದ್ದೆ ಕಣ್ಣು, ದೊಡ್ಡದಾಗಿ. ಓದುವ ದನಿ ತೆಗೆದು ಸಂಗೀತ ಹಾಕಿದ್ದಾರೆ. ಕೊನೆಗೆ ಹಳದಿ ರಕ್ಷಾಪುಟ. ‘ಯಂತ್ರಗಳನ್ನೇ ನಿಲ್ಲಿಸಿದ ಪುಸ್ತಕ.’

ತಂಗಿಯ ಮಗಳ ಕೈಯಲ್ಲಿದ್ದದ್ದು ಯಾವ ಪುಸ್ತಕ ಎಂದು ಯಾರಿಗೆ ತಿಳಿದೀತು? ಬೂದು ಬಟ್ಟೆ. ನಾನೇ ಹೊಲಿದದ್ದು.

“ಆ ಪ್ರಕಾಶನದವಳು ಕೇಳಿದ್ಳು ಮಾವ, ಕಳಿಸ್ದೆ. ಹೀಗೆ ಮಾಡ್ತಾಳೆ ಅಂತ ನಂಗೇನು ಗೊತ್ತು? ಆಣೆ ಮಾಡ್ಲಾ?”

“ಬೇಡ.”

ಅಳುತ್ತಿದ್ದಳು. ನಿಜದ ಅಳುವೇ ಇರಬೇಕು. ಹಾಗೆ ‘ಇರಬೇಕು’ ಎಂದು ಬರೆಯುವ ಸ್ಥಿತಿಗೆ ಬಂದೆನಲ್ಲ... ಎತ್ತಿ ಆಡಿಸಿದ ಮಗು.

ಮಧ್ಯಾಹ್ನ ಪ್ರಕಾಶನದ ಹುಡುಗಿಯ ಫೋನು. ಶನಿವಾರ ಕ್ಯಾಮೆರಾ ತರುತ್ತಾರಂತೆ. “ಮತ್ತೊಮ್ಮೆ ಹಾಗೇ ಯಂತ್ರ ನಿಲ್ಲಿಸಿಬಿಡಿ ತಾತ, ಸಾಕು. ಯಾವ ಪುಸ್ತಕ ಓದಿದ್ರೂ ಪರವಾಗಿಲ್ಲ.”

ಮಾರ್ಚ್ ೧೬, ಶನಿವಾರ. ಸಂಜೆ

ಕ್ಯಾಮೆರಾ ಬಂತು. ಬಾಗಿಲ ಬಳಿ ನಿಂತಿತು. ಯಜಮಾನ ತಲೆ ಬಾಚಿಕೊಂಡಿದ್ದ.

ಬೂದು ಹೊದಿಕೆ ಕಿತ್ತು ಹಾಕಿ ಹೊಳೆಯ ಕೊನೆಯ ಅಧ್ಯಾಯ ತೆರೆದೆ. ಮೊದಲೇ ಹೇಳಿದೆ, “ಇವತ್ತು ಯಾರೂ ಯಂತ್ರ ನಿಲ್ಲಿಸಬೇಡಿ. ಓಡಿಸುತ್ತಲೇ ಕೇಳಿ. ಮೌನ ಕೊಟ್ಟರೆ ಹೊತ್ತುಕೊಂಡು ಹೋಗುತ್ತಾರೆ.”

“ನಿನ್ನ ಗಂಟಲಿಗೆ ಶಕ್ತಿ ಇದೆಯಾ?” ಎಂದಳು ಅಕ್ಕ.

“ಇಲ್ಲದಿದ್ರೆ ಕಿರುಚ್ತೀನಿ.”

ಕಿರುಚಿಯೇ ಓದಿದೆ. ಯಂತ್ರಗಳು ಗರಗರ ಓಡುತ್ತಲೇ ಇದ್ದವು. ತಾಯಿ ದೋಣಿ ನೂಕಿದಳು. ನಡುನೀರಲ್ಲಿ ಹುಟ್ಟು ಮುರಿಯಿತು. ಯಾವ ಯಂತ್ರವೂ ನಿಲ್ಲಲಿಲ್ಲ. ಬಾಗಿಲಲ್ಲಿದ್ದ ಪ್ರಕಾಶನದ ಹುಡುಗಿ ಗಡಿಯಾರ ನೋಡಿದಳು, ಕ್ಯಾಮೆರಾದವನ ಕಿವಿಯಲ್ಲಿ ಏನೋ ಅಂದಳು. ಇಬ್ಬರೂ ಹೊರಟರು.

ತಾಯಿ ಆಚೆ ದಡ ಮುಟ್ಟಿದಳು. ಮಗು ಓಡಿ ಬಂತು.

ನನಗೇ ಅಳುಕು. ಇಷ್ಟಕ್ಕೂ ಯಾರ ಕಾಲೂ ಸಡಿಲವಾಗಲಿಲ್ಲವೇ? ನಿಜವಾಗಿ ಕೇಳುತ್ತಿದ್ದಾರಾ, ಅಥವಾ...

ಓರೆಗಣ್ಣಲ್ಲಿ ನೋಡಿದೆ. ಅಕ್ಕನ ಕಾಜದ ಯಂತ್ರ ಎಲ್ಲಕ್ಕಿಂತ ಜೋರಾಗಿ ಓಡುತ್ತಿತ್ತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಪಕ್ಕದ ಯಂತ್ರದಲ್ಲೂ ಇರಲಿಲ್ಲ. ಕಿಟಕಿಯ ಕಡೆ ತಿರುಗಿದೆ. ತಂಗಿಯ ಮಗಳ ಸೂಜಿಯ ಕೆಳಗೂ ಬಟ್ಟೆ ಇರಲಿಲ್ಲ; ಕಣ್ಣು ನನ್ನ ಮೇಲೇ ಇತ್ತು.