ಹೂಂ ಅನ್ನುವ ಕುಕ್ಕರ್

ಮಾರ್ಚ್ 7, ಶುಕ್ರವಾರ

ಬೋರ್ಡ್ ಮೇಲೆ ಬಂದೆ, ಬೋರ್ಡ್ ಮೇಲೆ ಬಂದೆ, ಕೊನೆಗೂ ಬೋರ್ಡ್ ಮೇಲೆ ಬಂದೆ!

ಈ ವರ್ಷದ ಎರಡನೇ ಗ್ರೇಟ್ ನ್ಯೂಸ್. ಮೊದಲನೆಯದು ಮದುವೆ. ನಮ್ಮ ಬೀದಿಯ ಮೂಲೆಯ ವೈನ್ ಬಾರ್ — ನಮ್ಮ ಬಾರ್, ನಮ್ಮ ಕಿಟಕಿ ಪಕ್ಕದ ಟೇಬಲ್, ನಮ್ಮ ಕುಂಟು ಕುರ್ಚಿ — ಅಲ್ಲಿ ಬಾಗಿಲ ಹತ್ತಿರ ಒಂದು ಕಪ್ಪು ಹಲಗೆ ಇದೆ. ಪ್ರತಿ ಶುಕ್ರವಾರ ಸಂಜೆ ಗಿರಾಕಿಗಳು ಎಲ್ಲೋ ಕೇಳಿದ ಒಂದು ಮಜವಾದ ಮಾತು ಹೇಳಬೇಕು. ಯಾರ ಮಾತಿಗೆ ಉಳಿದವರು ಫೋರ್ಕಿನಿಂದ ಗ್ಲಾಸು ಹೆಚ್ಚು ಜೋರಾಗಿ ಬಡಿಯುತ್ತಾರೋ, ಆ ಮಾತನ್ನು ಓನರಮ್ಮ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುತ್ತಾರೆ. ಮುಂದಿನ ಶುಕ್ರವಾರದ ತನಕ ಅದು ಅಲ್ಲೇ. ಬಹುಮಾನ ಒಂದು ತಟ್ಟೆ ಚೀಸು. ಹಲ್ಲು ಡಾಕ್ಟರು ಮೂರು ಸಲ ಗೆದ್ದಿದ್ದಾರೆ, ಅದಕ್ಕೇ ಆ ಗತ್ತು.

ಇವತ್ತು ನಾನು ಎದ್ದು ನಿಂತೆ. ಅತ್ತೆಯ ಕುಕ್ಕರಿನ ಕಥೆ. ಸೊಂಟದ ಮೇಲೆ ಕೈ, ಸೆರಗಿನ ತುದಿ ಭುಜಕ್ಕೆ, ಕತ್ತು ಹೀಗೆ ಓರೆ. ಬಾಯಲ್ಲೇ ಸೀಟಿ ಹೊಡೆದೆ. ಸ್ಕೂಲಲ್ಲಿ ಎಲೊಕ್ಯೂಷನ್ ಪ್ರೈಜ್ ಸುಮ್ಮನೆ ಬಂದಿಲ್ಲ! ಡಾಕ್ಟರು ಕೆಮ್ಮುವಷ್ಟು ನಕ್ಕರು. ಒಂದು ಗ್ಲಾಸು ಬಿರುಕು ಬಿಟ್ಟಿತು, ನಿಜ.

ಈಗ ಹಲಗೆಯ ಮೇಲೆ: "ಇಡೀ ದಿನದ ಸುದ್ದಿ ಕುಕ್ಕರಿಗೆ ಹೇಳ್ತೀನಿ. ಅದು ಹೂಂ ಅನ್ನುತ್ತೆ. — ಒಬ್ಬ ಅತ್ತೆ."

ಆಮೇಲೆ ನನ್ನ ಗಂಡ, ನಮ್ಮ ಸಾಹೇಬರು, ಬಂದರು. ಯಾವುದೋ ಆಸ್ಪತ್ರೆಯ ಕೆಟ್ಟ ಲಿಫ್ಟ್ ರಿಪೇರಿ ಮಾಡುತ್ತಾ ತಡವಾಗಿತ್ತು, ಕೈಯೆಲ್ಲ ಗ್ರೀಸು. ಬಾಗಿಲಲ್ಲೇ ನಿಂತು ಓದಿದರು.

"ಯಾರ ಅತ್ತೆ ಇದು?"

ಡಾಕ್ಟರು ನನ್ನತ್ತ ಬೆರಳು ತೋರಿಸಲು ಕೈ ಎತ್ತಿದರು. ನಾನು ಥಟ್ಟನೆ, "ಡಾಕ್ಟ್ರ ಅತ್ತೆ ಕಣೋ!"

ಡಾಕ್ಟರು ನನ್ನ ಮುಖ ನೋಡಿದರು. ಎತ್ತಿದ ಕೈಯಿಂದ ಗಡ್ಡ ಕೆರೆದುಕೊಂಡು, "ಹೌದಪ್ಪ... ನಮ್ಮನೇಲಿ ಹಂಗೇ," ಅಂದರು.

ಸಾಹೇಬರು ಬಿದ್ದು ಬಿದ್ದು ನಕ್ಕರು. "ಪಾಪ! ಸೀಟಿ ಜಾಸ್ತಿ ಆದ್ರೆ ಜಗಳ ಅಂತ ಅರ್ಥನೇನ್ರೀ?" ಮತ್ತೆ ಎಲ್ಲರೂ ನಕ್ಕರು. ನಾನೂ.

ಚೀಸು ಚೆನ್ನಾಗಿತ್ತು. ಸ್ವಲ್ಪ ಉಪ್ಪು.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಎದ್ದಾಗಿನಿಂದ ಅತ್ತೆಯ ಅಡುಗೆಮನೆಯೇ ಕಣ್ಣ ಮುಂದೆ. ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ಮದುವೆಯಾದ ವಾರ ಅತ್ತೆಯ ಊರಿಗೆ ಹೋಗಿದ್ದೆವಲ್ಲ. ಅವರದು ಕರ್ಟನ್ ಹೊಲಿಯುವ ಅಂಗಡಿ, ಮೇಲೆ ಎರಡು ಬಾಡಿಗೆ ರೂಮು. ದಿನವಿಡೀ ಗಿರಾಕಿಗಳ ಜೊತೆ ಮಾತು, ಕೆಲಸದ ಹುಡುಗಿಯರ ಜೊತೆ ಜೋಕು. ಅತ್ತೆ ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಸಾಹೇಬರು ಹಳೇ ಗೆಳೆಯರನ್ನು ನೋಡಲು ಹೋಗಿದ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ. ಕುಕ್ಕರ್ ಸೀಟಿ ಹೊಡೆಯಿತು. ಅತ್ತೆ ಅದರ ಕಡೆ ತಿರುಗಿ, "ಅಲ್ವಾ ಮತ್ತೆ? ನಾನೂ ಆ ಗಿರಾಕಿಗೆ ಅದನ್ನೇ ಹೇಳಿದೆ," ಅಂದುಬಿಟ್ಟರು.

ನಾನು ನಕ್ಕೆ. ಅವರ ಮುಖ ಕೆಂಪಾಯಿತು. ಆಮೇಲೆ ಹೇಳಿದರು, ಈರುಳ್ಳಿ ಹೆಚ್ಚುತ್ತಾ, ನನ್ನನ್ನು ನೋಡದೆ. "ಅಭ್ಯಾಸ ಆಗೋಗಿದೆ ಕಣೇ. ನಿಮ್ಮ ಮಾವ ಇದ್ದಾಗ ಸಂಜೆ ಇಡೀ ದಿನದ ಸುದ್ದಿ ಅವರಿಗೆ ಹೇಳೋದು. ಆ ಮನುಷ್ಯ ಹೂಂ ಅನ್ನೋದು ಬಿಟ್ಟು ಇನ್ನೊಂದು ಮಾತಾಡ್ತಿರಲಿಲ್ಲ. ಈಗ ಕುಕ್ಕರಿಗೆ ಹೇಳ್ತೀನಿ. ಅದು ಹೂಂ ಅನ್ನುತ್ತೆ. ಅವನಿಗೆ ಹೇಳ್ಬೇಡ. ನಾನು ಚೆನ್ನಾಗಿದ್ದೀನಿ ಅಂತ ನಂಬಿದ್ದಾನೆ, ನಂಬ್ಕೊಂಡಿರಲಿ."

ಪ್ರಾಮಿಸ್ ಅತ್ತೆ ಅಂದಿದ್ದೆ. ಅಪ್ಪಿಕೊಂಡೂ ಇದ್ದೆ.

ನಿನ್ನೆ ಈ ಭಾಗ ಬಾರಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಯಾರೂ ಗ್ಲಾಸು ಬಡಿಯುತ್ತಿರಲಿಲ್ಲ. ಅಂದರೆ — ಗೊತ್ತಿದ್ದೇ ಬಿಟ್ಟೆ.

ಹೋಗಲಿ. ಬರೀ ಒಂದು ವಾರ. ಶುಕ್ರವಾರ ಅಳಿಸುತ್ತಾರೆ.

ಮಾರ್ಚ್ 9, ಭಾನುವಾರ

ಸೀಮೆಸುಣ್ಣ ಅಳಿಸಿದರೆ ಸಾಲದು. ಇದು ಮನೆಗೇ ಬಂದಿದೆ.

ಬೆಳಿಗ್ಗೆ ಆಲೂಗಡ್ಡೆ ಬೇಯಲು ಇಟ್ಟಿದ್ದೆ. ಸೀಟಿ ಬಂತು. ಸಾಹೇಬರು ಶೇವಿಂಗ್ ಮಾಡುತ್ತಾ ಬಾತ್‌ರೂಮಿನಿಂದ, "ಹೂಂ ಅಂತು ನೋಡು! ಏನು ಸುದ್ದಿ ಹೇಳಿದೆ ಅದಕ್ಕೆ?" ಎರಡನೇ ಸೀಟಿಗೂ ಅದೇ. ಮೂರನೆಯದಕ್ಕೆ ನಾನೇ ಸ್ಟವ್ ಆರಿಸಿದೆ. ಆಲೂಗಡ್ಡೆ ಬೇಯಲೇ ಇಲ್ಲ.

ಹನ್ನೊಂದಕ್ಕೆ ಅತ್ತೆಯ ಫೋನ್. ಭಾನುವಾರ ಅಂಗಡಿಗೆ ರಜ, ತಪ್ಪದೆ ಮಾಡುತ್ತಾರೆ. ಸಾಹೇಬರು ಸ್ಪೀಕರ್ ಹಾಕಿದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ.

"ಅಮ್ಮಾ, ಒಂದು ಜೋಕ್ ಕೇಳು. ನಮ್ಮ ಬಾರಲ್ಲಿ ಬೋರ್ಡ್ ಮೇಲೆ ಬರೆದಿದ್ರು."

"ಬಾರಿಗೆ ಹೋಗ್ತೀನಿ ಅಂತ ಅಮ್ಮನಿಗೇ ಹೇಳೋ ಅಷ್ಟು ಧೈರ್ಯ ಬಂತಾ? ಮದುವೆ ಆಗಿ ಉದ್ಧಾರ ಆದೆ ಬಿಡು. ಹೇಳು."

ನಾನು ಕಣ್ಣು ಬಿಟ್ಟೆ, ಕೈ ಆಡಿಸಿದೆ. ಅವರು ನನ್ನ ಕಡೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತಿದ್ದರು. ಕೂಗಬಹುದಿತ್ತು. ಫೋನ್ ಕಿತ್ತುಕೊಳ್ಳಬಹುದಿತ್ತು. ತಲೆದಿಂಬಿನ ಕವರ್ ಹಿಡಿದು ನಿಂತೆ.

ಹೇಳಿದರು. ಸೀಟಿ ಸಮೇತ. ನನಗಿಂತ ಚೆನ್ನಾಗಿ ಹೊಡೆಯುತ್ತಾರೆ.

ಆ ಕಡೆ ನಲ್ಲಿಯ ನೀರು ಬೀಳುತ್ತಿದ್ದ ಸದ್ದು ನಿಂತಿತು.

"ಯಾರ ಅತ್ತೆ ಅಂದೆ?"

"ಯಾರೋ ಹಲ್ಲು ಡಾಕ್ಟ್ರ ಅತ್ತೆ ಅಂತೆ."

"ಓ." ಆಮೇಲೆ ಒಂದು ಸಣ್ಣ ನಗು. "ಚೆನ್ನಾಗಿದೆ ಕಣೋ. ಪಾಪ, ಹಲ್ಲು ಕೀಳೋ ಅಳಿಯ ಸಿಕ್ಕಿದ್ದಾನೆ, ಅವರು ಇನ್ಯಾರ ಮುಂದೆ ಬಾಯಿ ಬಿಡ್ತಾರೆ?"

ಸಾಹೇಬರಿಗೆ ಇನ್ನೂ ನಗು. ಅಮ್ಮನ ಜೋಕು ಬೋರ್ಡಿನ ಜೋಕಿಗಿಂತ ಚೆನ್ನಾಗಿದೆ ಅಂದರು.

"ಹುಡುಗಿ ಅಲ್ಲೇ ಇದ್ದಾಳಾ?"

"ಇದ್ದೀನಿ ಅತ್ತೆ."

"ಹೂಂ," ಅಂದರು ಅತ್ತೆ.

ಅಷ್ಟೇ. ಫೋನ್ ಇಟ್ಟರು.

ಮಾರ್ಚ್ 16, ಭಾನುವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಕೂತರೆ ಆ ಹೂಂ ಕೇಳಿಸುತ್ತದೆ. ಕಣ್ಣಾಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ಬಂದವರಿಗೆಲ್ಲ ಸ್ಮೈಲ್ ಮಾಡುತ್ತೇನೆ, ಟೋಕನ್ ಕೊಡುತ್ತೇನೆ. ಯಾರಾದರೂ ಹೂಂ ಅಂದರೆ ಕಿವಿ ಬಿಸಿಯಾಗುತ್ತದೆ.

ಶುಕ್ರವಾರ ತಲೆನೋವು ಅಂತ ಬಾರಿಗೆ ಹೋಗಲಿಲ್ಲ. ಸಾಹೇಬರು ಒಬ್ಬರೇ ಹೋಗಿಬಂದರು. ಹಲಗೆಯ ಮೇಲೆ ಬೇರೆ ಯಾರದೋ ಮಾತು ಬಂದಿದೆಯಂತೆ. "ಆದ್ರೆ ನಿನ್ನ ಕುಕ್ಕರನ್ನ ಯಾರೂ ಮರೆತಿಲ್ಲ ಮಹಾರಾಣಿ. ಎಲ್ರೂ ಕೇಳಿದ್ರು."

ನಿನ್ನ ಕುಕ್ಕರ್. ಅವರಿಗೆ ಹೊಳೆಯಲೇ ಇಲ್ಲ.

ಇವತ್ತು ಹನ್ನೊಂದಾಯಿತು, ಹನ್ನೆರಡಾಯಿತು, ಅತ್ತೆಯ ಫೋನ್ ಇಲ್ಲ. ಇವರೇ ಮಾಡಿದರು. ಯಾವುದೋ ದೊಡ್ಡ ಕರ್ಟನ್ ಆರ್ಡರ್, ಪುರುಸೊತ್ತಿಲ್ಲ, ಆಮೇಲೆ ಮಾತಾಡೋಣ ಅಂದರಂತೆ. "ಅಮ್ಮನ ದನಿ ಸರಿ ಇರಲಿಲ್ಲ. ಜ್ವರ ಏನಾದ್ರೂ ಬಂದಿದ್ಯಾ?" ಅಂತ ಇವರು ಮನೆಯಲ್ಲಿ ಶತಪಥ ಹಾಕಿದರು. ಅಷ್ಟರಲ್ಲಿ ಒಲೆಯ ಮೇಲಿದ್ದದ್ದು ಸೀಟಿ ಹೊಡೆಯಿತು. ಚಿಂತೆಯಲ್ಲೂ ಅಭ್ಯಾಸ ಬಿಡದೆ, "ಹೂಂ ಅಂತು," ಅಂದರು.

ಇನ್ನು ಆಗಲಿಲ್ಲ. ಹೇಳಿಬಿಟ್ಟೆ. ಈರುಳ್ಳಿ, ಮಾವ, ಪ್ರಾಮಿಸ್, ಎಲ್ಲ. ಎಲೊಕ್ಯೂಷನ್ ಇಲ್ಲ, ಆ್ಯಕ್ಷನ್ ಇಲ್ಲ.

ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

"ಅವತ್ತು ನೀನು ಇಲ್ಲೇ ಇದ್ದೆ. ನಾನು ಫೋನಲ್ಲಿ ಹೇಳ್ತಿದ್ದಾಗ."

"ಹೌದು."

"ನಿಲ್ಲಿಸಬಹುದಿತ್ತು."

"ಹೌದು ಕಣೋ."

ಕುಕ್ಕರಿನ ಕಡೆ ತಿರುಗಿದರು. "ಅಪ್ಪ ಹಂಗೇ ಇದ್ರು. ಪೇಪರ್ ಹಿಂದಿನಿಂದ ಬರೀ ಹೂಂ. ಅಮ್ಮನ ಮಾತನ್ನ ಅಮ್ಮನಿಗೇ ಹೇಳಿ, ಮೇಲೆ ನಾನೇ ನಕ್ಕೆನಲ್ಲೇ. ಸೀಟಿ ಬೇರೆ ಹೊಡೆದೆ."

ಟೂಲ್ ಬ್ಯಾಗ್ ತಗಲಿಸಿಕೊಂಡು ಹೊರಟರು. ಭಾನುವಾರ. ಯಾವ ಲಿಫ್ಟೂ ಕೆಟ್ಟಿರಲಿಲ್ಲ.

ಮಾರ್ಚ್ 18, ಮಂಗಳವಾರ

ಮಾತಾಡುತ್ತಾರೆ. ಉಪ್ಪು ಕೊಡು, ಬಾಗಿಲು ಹಾಕು. ಮಹಾರಾಣಿ ಇಲ್ಲ.

ಅಮ್ಮನಿಗೆ ನೀನೇ ಫೋನ್ ಮಾಡು ಎಂದೂ ಹೇಳಲಿಲ್ಲ, ಮಾಡಬೇಡ ಎಂದೂ ಹೇಳಲಿಲ್ಲ. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಏನು ಹೇಳಲಿ? "ಹಲೋ ಅತ್ತೆ, ನಿಮ್ಮ ಗುಟ್ಟನ್ನು ಒಂದು ತಟ್ಟೆ ಚೀಸಿಗೆ ಮಾರಿದೆ"?

ಮಾರ್ಚ್ 21, ಶುಕ್ರವಾರ

ಒಬ್ಬಳೇ ಹೋದೆ. ಬಾಗಿಲು ತಳ್ಳಿದ್ದೇ ತಡ, ಡಾಕ್ಟರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಇಡೀ ಬಾರು ಒಟ್ಟಿಗೆ, "ಹೂಂಂಂ!"

ಪ್ರೀತಿಯಿಂದಲೇ. ಅದೇ ಕಷ್ಟ. ಎರಡು ವಾರದ ಹಿಂದೆ ಆಗಿದ್ದರೆ ಕುಣಿದುಬಿಡುತ್ತಿದ್ದೆ.

ಕುರ್ಚಿ ಹಿಡಿದು ನಿಂತೆ. ಮತ್ತೊಂದು ಆ್ಯಕ್ಟಿಂಗ್ ಅಂದುಕೊಂಡು ಫೋರ್ಕುಗಳು ಮೇಲೆದ್ದವು.

"ಆ ಮಾತು ನಮ್ಮತ್ತೆ ನಗಿಸೋಕೆ ಹೇಳಿದ್ದಲ್ಲ. ಮಾವ ಹೋದ ಮೇಲೆ ಅವರಿಗೆ ಸಂಜೆ ಹೊತ್ತು ಮಾತಾಡೋಕೆ ಯಾರೂ ಇಲ್ಲ. ಅದನ್ನ ನನಗೊಬ್ಬಳಿಗೆ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂದಿದ್ರು. ದಯವಿಟ್ಟು ಇನ್ನು ಸೀಟಿ ಹೊಡೀಬೇಡಿ."

ಫೋರ್ಕುಗಳು ಒಂದೊಂದಾಗಿ ಕೆಳಗಿಳಿದವು. ಪರಿಚಯವಿಲ್ಲದ ಒಂದು ಜೋಡಿ ಮೆನು ಹಿಂದೆ ಮುಖ ಮುಚ್ಚಿಕೊಂಡಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಗಡ್ಡ ಕೆರೆದುಕೊಂಡು, "ನಾನೂ ಹೌದಪ್ಪ ನಮ್ಮತ್ತೇನೇ ಅಂದ್ಬಿಟ್ಟೆನಲ್ಲಮ್ಮ," ಅಂದರು.

ಹೊರಟೆ. ಓನರಮ್ಮ ಬಾಗಿಲಿಗೆ ಅಡ್ಡ ನಿಂತರು. "ಬೈಸ್ಕೊಳ್ಳೋಕೆ ಬಂದವಳು ಹಸ್ಕೊಂಡು ಹೋಗ್ಬೇಡ. ಕೂತ್ಕೋ."

ಸೂಪು ತಂದಿಟ್ಟರು, ಬ್ರೆಡ್ಡು, ಒಲೆಯಿಂದ ತೆಗೆದ ಮೀನು. ವೈನ್ ಸುರಿಯಲು ಬಂದವರಿಗೆ ಬೇಡ ಅಂದೆ. ಕಿಟಕಿಯ ಕಡೆ ಮುಖ ಮಾಡಿ ತಿಂದೆ. ಸೂಪಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಅದು ಅಡುಗೆಯವರ ತಪ್ಪಲ್ಲ.

ತಟ್ಟೆ ತೆಗೆಯುವಾಗ ಓನರಮ್ಮ ಕೇಳಿದರು, "ನಿಮ್ಮತ್ತೆಗೆ ಏನು ತಿನ್ನೋಕೆ ಇಷ್ಟ?"

ಬಾಯಿ ತೆರೆದೆ. ಗೊತ್ತಿಲ್ಲ.

ಕತ್ತು ಎಷ್ಟು ಓರೆ ಮಾಡುತ್ತಾರೆ ಗೊತ್ತು, ಸೆರಗು ಹೇಗೆ ಎಸೆಯುತ್ತಾರೆ ಗೊತ್ತು. ಏನು ಇಷ್ಟಪಟ್ಟು ತಿನ್ನುತ್ತಾರೆ, ಗೊತ್ತಿಲ್ಲ. ಆ ವಾರವೆಲ್ಲ ಅವರೇ ಬಡಿಸಿದರು. ನಾವು ತಿಂದೆವು. ಅವರು ತಿನ್ನುವುದನ್ನು ನಾನು ನೋಡಲೇ ಇಲ್ಲ.

ಮನೆಗೆ ಬಂದು ಸಾಹೇಬರನ್ನು ಕೇಳಿದೆ. ಅವರೂ ಬಾಯಿ ತೆರೆದರು. ಮುಚ್ಚಿದರು.

ಮಾರ್ಚ್ 23, ಭಾನುವಾರ, ಹನ್ನೆರಡು ಗಂಟೆ

ಮಾಡಿದೆ. ಅತ್ತೆಗೆ ನಾನೇ ಫೋನ್ ಮಾಡಿದೆ.

"ಅತ್ತೆ, ನಾನು."

"ಗೊತ್ತು. ಹೆಸರು ಬರುತ್ತಲ್ಲ ಫೋನಲ್ಲಿ."

"ಅದು... ಹಲ್ಲು ಡಾಕ್ಟ್ರ ಅತ್ತೆ ಅಲ್ಲ."

"ನನ್ನ ಮಾತು ನನಗೆ ಗುರುತು ಸಿಗಲ್ವೇನೇ?"

ರಾತ್ರಿಯೆಲ್ಲ ಉರುಹೊಡೆದ ಮಾತುಗಳು ಎಲ್ಲಿ ಹೋದವೋ. ಸಾರಿ ಅತ್ತೆ, ಸಾರಿ ಅತ್ತೆ. ಅಷ್ಟೇ ಬಂತು.

"ಸಾರಿ ಇರಲಿ. ಎಲ್ರೂ ನಕ್ಕರಾ?"

"...ನಕ್ಕರು."

"ಜೋರಾಗಾ?"

"ಜೋರಾಗಿ."

"ಹಂಗಾದ್ರೆ ಚೆನ್ನಾಗೇ ಮಾಡಿರ್ತೀಯ." ಹೊಗಳಿಕೆಯೋ ಕಪಾಳಕ್ಕೆ ಏಟೋ, ತಿಳಿಯಲಿಲ್ಲ. ಏಟೇ ಇರಬೇಕು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳು. ಅವತ್ತಿನಿಂದ ಕುಕ್ಕರೇ ಇಟ್ಟಿಲ್ಲ ಕಣೇ. ಪಾತ್ರೇಲೇ ಬೇಯಿಸ್ಕೋತೀನಿ. ಇಟ್ಟರೆ ಸೀಟಿ ಬರುತ್ತೆ. ಬಂದ್ರೆ, ನೀವೆಲ್ಲ ಎಲ್ಲೋ ಗುಂಪಾಗಿ ಕೂತು ನಗ್ತಿದ್ದೀರಿ ಅನ್ಸುತ್ತೆ. ನನ್ನ ಅಡುಗೆಮನೇಲಿ ನನಗೇ ನಾಚಿಕೆ."

ಅತ್ತೆ ಸಂಜೆ ಹೇಳಿಕೊಳ್ಳುವ ಮಾತು ಹೋಯಿತು, ಅವರಿಗೆ ಸಿಗುತ್ತಿದ್ದ ಆ ಒಂದು ಹೂಂ ಕೂಡ ಹೋಯಿತು. ನಾನು ತೆಗೆದುಕೊಂಡದ್ದು ಅದು. ವಾಪಸ್ ಕೊಡುವುದು ಹೇಗೆ?

"ಅತ್ತೆ, ನಿಮಗೆ ಏನು ತಿನ್ನೋಕೆ ಇಷ್ಟ?"

"ಯಾಕೆ? ಅದನ್ನೂ ಬೋರ್ಡ್ ಮೇಲೆ ಬರೀತೀಯಾ?"

"ಇಲ್ಲ ಅತ್ತೆ. ಟೇಬಲ್ ಮೇಲೆ ಇಡೋಕೆ."

ನಾನು ಬಾಯಿಗೆ ಬೀಗ ಹಾಕಿಕೊಂಡು ಕಾದೆ. ನನಗೆ ಅದು ಎಷ್ಟು ಕಷ್ಟ!

"ಮೀನು," ಅಂದರು ಕೊನೆಗೆ. "ಒಲೇಲಿ ಸುಟ್ಟಿದ್ದು. ನಿಮ್ಮ ಮಾವನಿಗೆ ವಾಸನೆ ಆಗ್ತಿರಲಿಲ್ಲ, ಅದಕ್ಕೇ ಮನೇಲಿ ಮಾಡ್ಲೇ ಇಲ್ಲ. ಬೇರೆಯವರು ಮಾಡಿ ಬಡಿಸಿದ್ರೆ ಇನ್ನೂ ರುಚಿ."

"ಬನ್ನಿ ಅತ್ತೆ. ಇಲ್ಲೇ ಮೂಲೇಲಿ ಸಿಗುತ್ತೆ. ನನ್ನ ಪಕ್ಕ ಕೂತ್ಕೊಳ್ಳಿ. ಇಡೀ ದಿನದ ಸುದ್ದಿ ನನಗೆ ಹೇಳಿ. ನಾನು ಮಧ್ಯ ಮಾತಾಡಲ್ಲ."

"ನೀನಾ? ಮಾತಾಡದೆ?" ನಕ್ಕರು. ಈ ಸಲ ಸಣ್ಣ ನಗುವಲ್ಲ. ನಿಲ್ಲಿಸಿ, "ಆ ಬೋರ್ಡ್ ಬರೆಯೋದು ಯಾವತ್ತು?"

"ಶುಕ್ರವಾರ."

"ಸೊಸೆ ಬಗ್ಗೆ ನನ್ನ ಹತ್ರಾನೂ ಒಂದೆರಡು ಇವೆ. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟು ಹೋದವರು ಯಾರು? ಎದ್ದು ನಿಂತು ಹೇಳ್ತೀನಿ. ನೀನು ಅಲ್ಲೇ ಕೂತಿರ್ಬೇಕು."

"ಕೂತಿರ್ತೀನಿ ಅತ್ತೆ."

"ನಗ್ಬೇಕು."

"ಹೂಂ," ಅಂದೆ. ಬಾಯಿಂದ ಜಾರಿತು.

"...ಪರವಾಗಿಲ್ಲ," ಅಂದರು ಅತ್ತೆ. "ಅವರ ಹಂಗೇ ಬಂತು."

ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕಣ್ಣು ಒರೆಸಿಕೊಂಡು, ಕಿಟಕಿ ಪಕ್ಕದ ಟೇಬಲ್ಲಿಗೆ ಮೂರನೇ ಕುರ್ಚಿ ಹಾಕಿಸಲು ಮೂಲೆಯ ಬಾರಿಗೆ ಹೋದರು. ಕುಂಟು ಕುರ್ಚಿ ನಿನಗೆ ಅಂದರು. ಸರಿ ಅಂದೆ.

ಅತ್ತೆ ಬರುತ್ತಿದ್ದಾರೆ. ಶುಕ್ರವಾರ, ಇಪ್ಪತ್ತೆಂಟನೇ ತಾರೀಕು. ಮಧ್ಯಾಹ್ನದ ಪ್ಯಾಸೆಂಜರ್, ಸಂಜೆ ಐದೂವರೆಗೆ ಬರುತ್ತದೆ, ಕೊನೆಯ ಬೋಗಿಯ ಹತ್ತಿರ ನಿಂತಿರು ಅಂದರು, ಒಬ್ಬಳೇ. ದಾರಿಯಲ್ಲಿ ಇಡೀ ದಿನದ ಸುದ್ದಿ ನನಗೆ ಹೇಳುತ್ತಾರಂತೆ.