ಹಿತ್ತಾಳೆಯ ಹಿಂಬದಿ

ಮಾರ್ಚ್ 4, ಬೆಳಿಗ್ಗೆ

ಹಲ್ಲಿನ ಡಾಕ್ಟರ ಫಲಕ ಮುಗಿಯಿತು. 'ದಂತ'ದ 'ದಂ' ಸ್ವಲ್ಪ ಹೊಟ್ಟೆ ಉಬ್ಬಿಸಿಕೊಂಡಿದೆ. ಇರಲಿ, ಡಾಕ್ಟರದ್ದೂ ಉಬ್ಬಿದೆ.

ಹಿಂಬದಿಯಲ್ಲಿ ಕೊಡೆ ರಿಪೇರಿಯವನು. ಅಪ್ಪನ ಕೈಬರಹ. ನಮ್ಮ ಬ್ಲಾಕಿನ ಪದ್ಧತಿ ಇದು — ಮನೆ ಬಿಟ್ಟು ಹೋಗುವವರು ಬಾಗಿಲ ಫಲಕ ಬಿಚ್ಚಿ ನಮ್ಮ ಅಂಗಡಿಗೆ ಕೊಟ್ಟು ಹೋಗಬೇಕು. ಹೊಸದಾಗಿ ಬಂದವರ ಹೆಸರು ಅದರದೇ ಬೆನ್ನಿಗೆ. ಹಿತ್ತಾಳೆ ಸಿಗದ ಕಾಲದಲ್ಲಿ ಅಪ್ಪ ಶುರು ಮಾಡಿದ್ದು. ಈಗ ಬೇಕಾದಷ್ಟು ಸಿಗುತ್ತದೆ, ನಾನೇ ನಿಲ್ಲಿಸಿಲ್ಲ. ಎರಡೂ ಬದಿ ತುಂಬಿದರೆ ಮೇಲೊಂದು ತಗಡು ಜೋಡಿಸುತ್ತೇನೆ. ಹಳೆಯದನ್ನು ಉಜ್ಜಿ ಹಾಕುವುದು ಮಾತ್ರ ಇಲ್ಲ.

ಡಾಕ್ಟರು ತಿರುಗಿಸಿ ನೋಡಿ ಮೂಗು ಮುರಿದರು. "ಸೆಕೆಂಡ್ ಹ್ಯಾಂಡಾ ಇದು?"

"ಮನೇನೂ ಸೆಕೆಂಡ್ ಹ್ಯಾಂಡೇ ಅಲ್ವಾ ಡಾಕ್ಟ್ರೇ," ಎಂದೆ.

ಮೇಲಿನಿಂದ ಅತ್ತಿಗೆಯ ಕೂಗು. ಮಂಡಿಗೆ ಹಚ್ಚುವ ಮುಲಾಮು ಸಿಗುತ್ತಿಲ್ಲವಂತೆ. ದಿಂಬಿನ ಕೆಳಗೇ ಇರುತ್ತದೆ, ದಿನಾ ಹುಡುಕಾಟ. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ, ಅವಳು ಹುಡುಕುವುದು, ನಾನು ಮೆಟ್ಟಿಲು ಹತ್ತುವುದು.

ಮಾರ್ಚ್ 9

ಸ್ಮಾರಕ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ಈ ಬಿಸಿಲಿನಲ್ಲೂ ಟೈ. ಬೆಣ್ಣೆ ಹಚ್ಚಿದ ಮಾತು. ದೊಡ್ಡ ಹಿತ್ತಾಳೆ ಫಲಕ ಬೇಕು, ಕೈಯಿಂದಲೇ ಕೆತ್ತಿದ್ದಾಗಬೇಕು. ಒಕ್ಕಣೆ ಬರೆದೇ ತಂದಿದ್ದ: 'ಮಹಾಗಾಯಕರು ಈ ಮನೆಯಲ್ಲಿ ಬಾಳಿದರು.'

ಖುಷಿಯಾಗಿ ಕೇಳಿದೆ, "ಯಾವ ಮನೆ ಸರ್?"

"ಎರಡನೇ ಮಹಡಿ, ಗಲ್ಲಿ ಕಡೆ ಮೂಲೆ. ಮ್ಯೂಸಿಯಂ ಮಾಡ್ತೀವಿ. ಈಗ ಯಾರೋ ಇಬ್ಬರು ಹೆಂಗಸರಿದ್ದಾರಂತೆ, ಅವರಿಗೆ ಊರಾಚೆ ಹೊಸ ಫ್ಲ್ಯಾಟ್ ಕೊಟ್ಟು ಕಳಿಸ್ತೀವಿ."

"ಇದ್ದಾರೆ. ಒಬ್ಬಳು ನಿಮ್ಮೆದುರಿಗೇ ಕೂತಿದ್ದಾಳೆ."

ಟೈ ಸಡಿಲಿಸಿದ. ಅಷ್ಟಕ್ಕೇ ಎದ್ದು ಹೋಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಸಮಾಧಾನ ಹೇಳಲು ಹೊರಟ. "ಬೇಜಾರ್ ಮಾಡ್ಕೋಬೇಡಿ ಅಮ್ಮ. ಈ ಬ್ಲಾಕಿಗೆ ಇತಿಹಾಸ ಅಂತಿದ್ರೆ ಅವರೊಬ್ಬರೇ. ಮಿಕ್ಕವರೆಲ್ಲ ಬಾಡಿಗೆಗೆ ಬಂದು ಹೋದವರು."

ಮೈಯೆಲ್ಲ ಉರಿಯಿತು. ಆದರೂ ಆರ್ಡರ್ ಬಿಡಲಿಲ್ಲ. ಕೆತ್ತುವುದಿದ್ದರೆ ನನ್ನ ಕೈಯಿಂದಲೇ ಆಗಲಿ.

ಮಾರ್ಚ್ 11

ನಮ್ಮ ಬಾಗಿಲಿನ ಫಲಕ ಬಿಚ್ಚಿದೆ. ಹಿಂಬದಿಯಲ್ಲಿ ಯಾರಿದ್ದಾರೆಂದು ಗೊತ್ತಿತ್ತು. ಆದರೂ ಕಣ್ಣಾರೆ ನೋಡಬೇಕೆನಿಸಿತು. 'ಇಸ್ತ್ರಿ' ಎಂದು ದೊಡ್ಡದಾಗಿ, ಕೆಳಗೆ ಒಬ್ಬ ಹೆಂಗಸಿನ ಹೆಸರು ಸಣ್ಣದಾಗಿ. ಕೆಲಸ ದೊಡ್ಡದು, ಹೆಸರು ಸಣ್ಣದು — ಅದು ಅಪ್ಪನ ಕಾನೂನು. ಆಗಿನ್ನೂ ಅಪ್ಪ ಹೊಸಬ, ಅಕ್ಷರಗಳು ಓಲಾಡುತ್ತವೆ. ಗಾಯಕನ ಸುಳಿವೇ ಇಲ್ಲ.

ಮೂರನೇ ಮಹಡಿಯ ನರ್ಸಮ್ಮನನ್ನು ಕೇಳಿದೆ. ಈ ಬ್ಲಾಕಿನಲ್ಲೇ ಹುಟ್ಟಿದವರು, ಎಂಬತ್ತು ದಾಟಿದರೂ ನೆನಪು ಗಟ್ಟಿ.

"ಅವನಾ?" ಎಂದು ನಕ್ಕರು. "ಇಸ್ತ್ರಿ ಅಜ್ಜಿ ಮೇಜಿನ ಕೆಳಗೆ ಮಲಗ್ತಿದ್ದ. ಒಂದು ಚಳಿಗಾಲ ಇದ್ದ ಅಷ್ಟೇ. ಗಂಟಲು ಕೆಟ್ಟು, ಯಾರೂ ಸೇರಿಸದೆ ಬಂದಿದ್ದ. ಅಜ್ಜಿ ದಿನಾ ಬಿಸಿ ಬಟ್ಟೆ ಮಡಚಿ ಕುತ್ತಿಗೆಗೆ ಸುತ್ತೋಳು. ಗಂಟಲು ಸರಿಯಾಯ್ತು, ಸರಿಯಾದ ಮೇಲೆ ಹೇಳದೆ ಕೇಳದೆ ಹೋದ. ಅವನು ಬೆಳಗಿನ ಜಾವ ಹಾಡಕ್ಕೆ ಶುರು ಮಾಡಿದ್ರೆ ನಮ್ಮಪ್ಪ ತಟ್ಟೆ ಬಡಿಯೋರು."

ಇದು ಇವರ ಇತಿಹಾಸ. ಒಂದು ಚಳಿಗಾಲ ಮಲಗಿದವನು ಬಾಳಿದನಂತೆ. ಬದುಕಿಡೀ ನಿಂತು ಇಸ್ತ್ರಿ ಮಾಡಿದವಳು ಬಾಡಿಗೆಗೆ ಬಂದು ಹೋದವಳಂತೆ.

ಫಲಕವನ್ನು ತಿರುಗಿಸಿ ಹಾಕಿದೆ. ಇಸ್ತ್ರಿ ಅಜ್ಜಿ ಹೊರಗೆ, ನಾವು ಒಳಗೆ.

ಮಾರ್ಚ್ 15, ಸಂಜೆ

ಕಚೇರಿಯ ಕಾರಿನಲ್ಲಿ ಅತ್ತಿಗೆ ಹೊಸ ಫ್ಲ್ಯಾಟ್ ನೋಡಿ ಬಂದಳು. ಒಳಗೆ ಕಾಲಿಡುವಾಗಲೇ ಮುಖ ಅರಳಿತ್ತು. ಲಿಫ್ಟ್ ಇದೆಯಂತೆ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ಕಿಟಕಿ ತೆಗೆದರೆ ಗಾಳಿ.

"ಗಾಳಿ ಇಲ್ಲೂ ಇದೆ," ಎಂದೆ.

"ಗಾಳಿ ಇದೆ, ಮೆಟ್ಟಿಲೂ ಇದೆ. ಇವತ್ತು ಬಿಟ್ರೆ ನಾನು ಹೊರಗಿನ ರಸ್ತೆ ನೋಡಿ ಎಷ್ಟು ದಿನ ಆಯ್ತು ಗೊತ್ತಾ ನಿಂಗೆ? ನೀನು ದಿನಾ ಇಳೀತೀಯ, ಅಂಗಡೀಲಿ ಕೂತು ಊರವರ ಜೊತೆ ಹರಟ್ತೀಯ. ನಾನು ಗೋಡೆ ನೋಡ್ತೀನಿ."

"ಹಾಗಂತ ಆ ಟೈ ಕಟ್ಟಿದವನು ಹೇಳಿದ ಅಂತ ಎದ್ದು ಹೋಗೋದಾ?"

"ನಿಂಗೆ ಹಠ. ನಂಗೆ ಮಂಡಿ."

ಬಾಯಿಗೆ ಬಂದದ್ದೆಲ್ಲ ಆಡಿದೆ. 'ಅಣ್ಣ ಇದ್ದಿದ್ದರೆ' ಅಂತಲೂ ಅಂದುಬಿಟ್ಟೆ. ಅವಳು ಗೋಡೆ ಕಡೆ ತಿರುಗಿದಳು. ಮುಲಾಮು ತಾನೇ ಹುಡುಕಿಕೊಂಡಳು.

ಮಾರ್ಚ್ 28

ಇಷ್ಟು ದಿನ ಏನೂ ಬರೆದಿಲ್ಲ. ಏನು ಬರೆಯುವುದು, ಮನೆಯಲ್ಲಿ ಮಾತೇ ಇರಲಿಲ್ಲ. 'ನೀರು ಕಾದಿದೆ', 'ದೀಪ ಆರಿಸು'... ಅಷ್ಟೇ.

ಇವತ್ತು ಮಧ್ಯಾಹ್ನ ಊಟಕ್ಕೆ ಮೇಲೆ ಬಂದರೆ ಬಾಗಿಲು ಬೋಳು. ಫಲಕ ಇಲ್ಲ, ಸ್ಕ್ರೂ ತೂತುಗಳಷ್ಟೇ. ಒಳಗೆ ಅತ್ತಿಗೆಯೂ ಇಲ್ಲ. ಹೋಗಿಯೇಬಿಟ್ಟಳು ಎಂದುಕೊಂಡೆ. ಅವಳು ಮದುವೆಯಾಗಿ ಬಂದಾಗ ನಾನು ಲಂಗ ಹಾಕುತ್ತಿದ್ದ ಹುಡುಗಿ, ನನಗೆ ಜಡೆ ಹಾಕಿದವಳು ಅವಳು. ಅತ್ತುಬಿಟ್ಟೆ. ಚೆನ್ನಾಗಿಯೇ ಅತ್ತೆ.

ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದೊಂದೇ. ಯಾರ ಕೈಯನ್ನೂ ಕೇಳದೆ ಹತ್ತಿ ಬಂದಳು, ಬೆವರು ಸುರಿಯುತ್ತಿತ್ತು. ಚೀಲದಿಂದ ಫಲಕ ತೆಗೆದು ಮೇಜಿನ ಮೇಲೆ ಇಟ್ಟಳು.

"ಹೊಸ ಬಾಗಿಲಿಗೆ ಹೇಗೆ ಕಾಣತ್ತೆ ನೋಡೋಣ ಅಂತ ತಗೊಂಡು ಹೋಗಿದ್ದೆ. ಹಚ್ಚಂಗಿಲ್ವಂತೆ. ಯಾರ ಬಾಗಿಲಿಗೂ ಹೆಸರಿಲ್ಲ. ಬರೀ ನಂಬರ್."

ನಾನು ನೀರು ಕೊಟ್ಟೆ. ಕುಡಿದು ಲೋಟ ಕುಕ್ಕಿದಳು.

"ನಾನು ಈ ಮನೆಗೆ ಕಾಲಿಟ್ಟ ದಿನ ಮಾವ ಏನು ಮಾಡಿದ್ರು? ಎಲ್ಲರೂ ಊಟಕ್ಕೆ ಕೂತಿದ್ರೆ ಅವರು ಬಾಗಿಲ ಹತ್ರ ನಿಂತು ನನ್ನ ಹೆಸರು ಕೆತ್ತುತಾ ಇದ್ರು. ಜಾಗ ಸಾಲದೆ ನಿನ್ನ ಹೆಸರಿಗಿಂತ ಸಣ್ಣದಾಗಿ ಕೆತ್ತಿದ್ರು, ಅದು ಬೇರೆ ಮಾತು."

ಆ ಸಣ್ಣ ಅಕ್ಷರದ ಕೊಂಕು ಇವತ್ತಿಗೂ ಬಿಟ್ಟಿಲ್ಲ.

"ಈ ವಯಸ್ಸಲ್ಲಿ ನಾನು ನಂಬರ್ ಆಗಲ್ಲ," ಎಂದಳು. "ಬಾಡಿಗೆಗೆ ಬಂದು ಹೋದವರು ಅಂದ್ನಲ್ಲ ಅವನು. ಬ್ಲಾಕಿನ ಎಲ್ಲಾ ಫಲಕಾನೂ ತಿರುಗಿಸಿ ಹಾಕು. ಎಷ್ಟು ಜನ ಬಂದು ಹೋದ್ರು ಅಂತ ನೋಡ್ಲಿ."

ಅಪ್ಪನ ಮಗಳು ನಾನು. ಈ ಯೋಚನೆ ಬಂದದ್ದು ಸೊಸೆಗೆ. ಹೊಟ್ಟೆಕಿಚ್ಚಾಯಿತು, ಅಪ್ಪಿಕೊಂಡೆ.

ಏಪ್ರಿಲ್ 1

ಮನೆಮನೆ ತಿರುಗಿದೆ. ನರ್ಸಮ್ಮನ ಫಲಕ ನಾನು ಕೇಳುವ ಮೊದಲೇ ಕೆಳಗಿಳಿದಿತ್ತು. ಬೇಕರಿಯವನು ಮೀಸೆ ತಿರುವಿದ. "ಅವರಿಗೆ ಬೇಕಾಗಿರೋದು ನಿಮ್ಮನೆ ತಾನೆ ಅಕ್ಕ, ನಾವ್ಯಾಕೆ ಮಧ್ಯೆ?"

"ಇವತ್ತು ಗಾಯಕ ನಮ್ಮನೇಲಿ ಮಲಗಿದ್ದ. ನಾಳೆ ಯಾವನೋ ಕವಿ ನಿಮ್ಮನೇಲಿ ಸೀನಿದ್ದ ಅಂತಾರೆ. ಆಗ ನಾನು ಮಧ್ಯೆ ಬರ್ಬೇಕಾ ಬೇಡ್ವಾ, ಹೇಳು."

ಸ್ಕ್ರೂ ಡ್ರೈವರ್ ಅವನೇ ತಂದ. ಅವನ ಬಾಗಿಲ ಹಿಂದೆ ಗಡಿಯಾರದವನು, ಮೇಲ್ಪದರ ಬಿಡಿಸಿದರೆ ಅದರಡಿಗೆ ಅಕ್ಕತಂಗಿ ಟೈಪಿಸ್ಟರು. ಬೇಕರಿಯವನ ಹೆಂಡತಿ ಬೆರಳಿನಿಂದ ಆ ಅಕ್ಷರ ಸವರಿದಳು. "ಗೋಡೇಲಿ ಅಷ್ಟೊಂದು ಮೊಳೆ ಯಾಕಿತ್ತು ಅಂತ ಈಗ ಗೊತ್ತಾಯ್ತು," ಎಂದಳು. ಗಡಿಯಾರಗಳ ಮೊಳೆ.

ಹಲ್ಲಿನ ಡಾಕ್ಟರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಪೇಷಂಟ್‌ಗಳು ಕೊಡೆ ತಗೊಂಡು ಬರ್ತಾರೆ ರೀ." ಬಿಟ್ಟುಬಿಟ್ಟೆ.

ದೊಡ್ಡ ಫಲಕದ ಕೆಲಸ ಇವತ್ತು ಶುರು. ಒಕ್ಕಣೆ ನನ್ನದು.

ಏಪ್ರಿಲ್ 6, ರಾತ್ರಿ

ಚಿಲಕ ಎರಡು ಸಲ ನೋಡಿ ಬಂದು ಕೂತೆ. ಹೆದರಿಕೆಯಲ್ಲ. ಅಲ್ಲ ಎಂದೇ ಬರೆದಿಡುತ್ತೇನೆ.

ಇವತ್ತು ಫಲಕದ ಅನಾವರಣ. ಟೈ ಸಾಹೇಬ, ಫೋಟೋದವರು, ಮುಖ್ಯ ಅತಿಥಿಯಾಗಿ ಗಾಯಕರ ಶಿಷ್ಯೆ — ಬಿಳಿ ಕೂದಲಿನ ಗಂಭೀರ ಹೆಂಗಸು. ಮೆಟ್ಟಿಲು ಹತ್ತುತ್ತಾ ಶಿಷ್ಯೆ ಒಂದೊಂದೇ ಬಾಗಿಲು ಓದಿದರು. ಗಡಿಯಾರ. ಹೊಲಿಗೆ. ಕನ್ನಡಿ. ಅಂಚೆ. "ಎಷ್ಟೊಂದು ಅಂಗಡಿ," ಎಂದರು. "ಮನೆಗಳು," ಎಂದೆ.

ನಮ್ಮ ಬಾಗಿಲ ಪಕ್ಕ ಪರದೆ, ಫಲಕ ಹಚ್ಚಿ ಅದನ್ನು ಕಟ್ಟಿದ್ದು ನಾನೇ. ಎಳೆದರು.

'ಇಸ್ತ್ರಿ ಅಜ್ಜಿ ಈ ಮನೆಯಲ್ಲಿ ಬಾಳಿದಳು. ಮಹಾಗಾಯಕರು ಒಂದು ಚಳಿಗಾಲ ಅವಳ ಅತಿಥಿ. ಈಗಲೂ ಇಲ್ಲಿ ಜನ ಬಾಳುತ್ತಿದ್ದಾರೆ.'

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಸಾಹೇಬ ನನ್ನನ್ನು ಪಕ್ಕಕ್ಕೆ ಕರೆದ. "ತಪ್ಪು ಕೆತ್ತಿದೀರಿ."

"ತಪ್ಪಲ್ಲ ಸರ್. ನೀವು ಅರ್ಧ ಹೇಳಿದ್ರಿ, ನಾನು ಪೂರ್ತಿ ಕೆತ್ತಿದೀನಿ."

ಶಿಷ್ಯೆ ಕೇಳಿದರು, ಅಜ್ಜಿ ಯಾರು ಎಂದು. ನರ್ಸಮ್ಮ ಮೇಲಿನ ಕಟಕಟೆಯಿಂದ ಬಗ್ಗಿ ಎಲ್ಲ ಹೇಳಿದರು, ತಟ್ಟೆ ಬಡಿದದ್ದನ್ನೂ ಬಿಡದೆ. ಶಿಷ್ಯೆ ಫಲಕವನ್ನು ಇನ್ನೊಮ್ಮೆ ಓದಿದರು. "ಕುತ್ತಿಗೆಗೆ ಬಿಸಿ ಬಟ್ಟೆ ಸುತ್ತಿಕೊಳ್ಳದೆ ಅವರು ಯಾವತ್ತೂ ಹಾಡಕ್ಕೆ ಕೂತಿಲ್ಲ. ಯಾರು ಕಲಿಸಿದ್ದು ಅಂತ ಕೇಳಿದ್ರೆ ಹೇಳ್ತಿರಲಿಲ್ಲ." ಅಷ್ಟು ಹೇಳಿ ನಮ್ಮ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಅತ್ತಿಗೆಯನ್ನು ಕೇಳಿದರು. ಅತ್ತಿಗೆಯನ್ನು. ಸಾಹೇಬನನ್ನಲ್ಲ.

ಗೆದ್ದೆವು ಎಂದು ಬರೆಯಲಾರೆ. ಹೋಗುವಾಗ ಸಾಹೇಬ, "ನಾಳೆ ಜನ ಕಳಿಸ್ತೀನಿ. ಫಲಕಾನೂ ಬಿಚ್ಚಿಸ್ತೀನಿ, ನಿಮ್ಮನ್ನೂ ಖಾಲಿ ಮಾಡಿಸ್ತೀನಿ," ಎಂದ.

ಬಿಚ್ಚಲಿ ನೋಡೋಣ. ಸ್ಕ್ರೂಗಳ ತಲೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದೇನೆ, ಸ್ಕ್ರೂ ಡ್ರೈವರ್ ಹಿಡಿಯುವುದಿಲ್ಲ. ನಮ್ಮದರದ್ದೂ, ತಿರುಗಿಸಿದ ಎಲ್ಲರ ಬಾಗಿಲಿನದೂ.

ಮಲಗುವ ಮುಂಚೆ ಕೆಳಗೆ ಹೋಗಿ ಅಂಗಡಿ ಬಾಗಿಲು ಹಾಕಿ ಬಂದೆ. ಡಾಕ್ಟರ ಬಾಗಿಲಲ್ಲಿ ಕೊಡೆ ರಿಪೇರಿ. ಯಾವಾಗ ತಿರುಗಿಸಿದರೋ.

ಏಪ್ರಿಲ್ 7, ಬೆಳಿಗ್ಗೆ

ಬಂದರು. ಕೆಳಗೆ ವ್ಯಾನಿನ ಸದ್ದು, ಆಮೇಲೆ ಬೂಟಿನ ಸದ್ದು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆಯುತ್ತಿವೆ, ಕೇಳಿಸುತ್ತಿದೆ. ಬೇಕರಿಯವನ ಕೆಮ್ಮು ನಮ್ಮ ಜಗಲಿಯಲ್ಲೇ.

ಅತ್ತಿಗೆ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಇಟ್ಟು ಕೂತಿದ್ದಾಳೆ. ಸೆರಗು ಸರಿ ಮಾಡಿಕೊಂಡಳು. ಮುಲಾಮು ಬೇಕಾ ಎಂದರೆ ಬೇಡವಂತೆ.

ತಟ್ಟುತ್ತಿದ್ದಾರೆ.

"ಯಾರು ಬೇಕಿತ್ತು?" — ಅತ್ತಿಗೆ, ಕೂತಲ್ಲಿಂದಲೇ.

"ಈ ಮನೆಯವರು."

"ಯಾವ ಕಾಲದವರು?"

ಹೊರಗೆ ಬೂಟು ಸರಿದ ಸದ್ದು. ಫಲಕ ಓದುತ್ತಿರಬೇಕು. ಇನ್ನೊಂದು ಕುರ್ಚಿ ಎಳೆದುಕೊಂಡು ನಾನೂ ಅವಳ ಪಕ್ಕ—